ರೊಟ್ಟಿ ಬಡಿದರೆ ಕುಣಿಯುವ ಲಾರಿ

ನಮ್ಮವರು ನಿವೃತ್ತರಾದ ಮೇಲೆ ಮನೆಗೆ ಏನಾದರೂ ತಂದೇ ತರುತ್ತಾರೆಂದು ನನಗೆ ಗೊತ್ತಿತ್ತು. ಅವರ ಜೊತೆ ನಿವೃತ್ತರಾದವರೆಲ್ಲ ತಂದಿದ್ದರು. ಒಬ್ಬರು ಹಾರ್ಮೋನಿಯಂ ತಂದರು, ಇನ್ನೊಬ್ಬರು ನಾಯಿ ತಂದರು, ಮತ್ತೊಬ್ಬರು ದಿನಾ ಬೆಳಗ್ಗೆ ಓಡುತ್ತೇನೆಂದು ಹೋಗಿ ಮಂಡಿನೋವು ತಂದುಕೊಂಡರು. ನಮ್ಮವರು ಮಿಲಿಟರಿ ಲಾರಿ ತಂದರು.

ಸೈನ್ಯದವರು ಬಳಸಿ, ಸವೆಸಿ, ಇನ್ನು ಸಾಕು ಎಂದು ಹರಾಜಿಗೆ ಬಿಟ್ಟ ಲಾರಿ ಅದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವಂಥದ್ದು. ನನ್ನ ಎದೆಮಟ್ಟಕ್ಕೆ ಬರುವ ಹಿಂಬಾಗಿಲು, ಮೇಲೆ ಕಬ್ಬಿಣದ ಕಮಾನುಗಳು, ಅವುಗಳ ಮೇಲೆ ಹರಿದ ತಾಡಪತ್ರಿ, ಒಳಗೆ ಎರಡೂ ಬದಿಗೆ ಜವಾನರು ಕೂರುವ ಮಡಚುವ ಬೆಂಚು. ನಮ್ಮವರು ಹೈದರಾಬಾದಿನ ಕುಷಾಯಿಗೂಡದ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ವೈರ್‌ಲೆಸ್ ಸೆಟ್ಟುಗಳನ್ನೇ ಪರೀಕ್ಷೆ ಮಾಡಿದವರು. ಆ ಸೆಟ್ಟುಗಳು ಇಂಥ ಲಾರಿಗಳಲ್ಲಿ ಕೂತು ಗಡಿಗೆ ಹೋಗುತ್ತಿದ್ದವು. ಇವರು ಗೇಟಿನ ತನಕ ನಡೆದು ಹೋಗಿ ಬೀಳ್ಕೊಟ್ಟು ವಾಪಸು ಬರುತ್ತಿದ್ದರು.

"ಒಂದ್ಸಲ ಒಳಗ ಕುಂಡ್ರಬೇಕಂತ ಭಾಳ ಆಸೆ ಇತ್ತು" ಎಂದರು.

"ಕುಂಡ್ರಾಕ ಲಾರಿ ತಗೋಬೇಕಿತ್ತೇನ್ರಿ? ಯಾರನ್ನರ ಕೇಳಿದ್ರ ಒಂದು ಸುತ್ತು ಹೊಡಸ್ತಿದ್ರು" ಎಂದೆ. ಅವರು ಬಟ್ಟೆ ತೆಗೆದುಕೊಂಡು ಲಾರಿಯ ದೀಪ ಒರೆಸತೊಡಗಿದರು. ಲಾರಿಯ ವಿಷಯದಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡದಿರುವುದು ಅಂದೇ ರೂಢಿಯಾಯಿತು.

ಲಾರಿಯಲ್ಲಿ ಅರ್ಧ ಪಾಲು ಉಸ್ತಾದರದು. ಕುಷಾಯಿಗೂಡ ದಾಟಿ, ಮನೆಗಳು ಮುಗಿದು ಗೋದಾಮುಗಳು ಶುರುವಾಗುವಲ್ಲಿ ಅವರ ಶೆಡ್ಡು ಇದೆ. ಸೈನ್ಯದಿಂದ ಬಂದ ಹಳೆಯ ಗಾಡಿಗಳನ್ನು ಬಿಚ್ಚಿ ಮತ್ತೆ ಕಟ್ಟುವುದೇ ಅವರ ಉದ್ಯೋಗ. ಒಂದಕ್ಕೆ ಕ್ರೇನು ಕೂರಿಸುತ್ತಾರೆ, ಹೆದ್ದಾರಿಯಲ್ಲಿ ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರಲಿಕ್ಕೆ. ಇನ್ನೊಂದಕ್ಕೆ ನೀರಿನ ಟ್ಯಾಂಕು ಕೂರಿಸುತ್ತಾರೆ. ಮಾತು ದಖ್ಖನಿ, ಆದರೆ ನಮ್ಮ ಮನೆಯ ಊಟ ಉಂಡುಂಡು ಕನ್ನಡವೂ ಬಂದುಬಿಟ್ಟಿದೆ. ನಮ್ಮವರಿಗೂ ಅವರಿಗೂ ಎಷ್ಟು ಸ್ನೇಹವೆಂದರೆ, ದಿನಕ್ಕೆ ಒಂದು ಸಲ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ.

ಲಾರಿ ಬಂದ ಮೊದಲ ವಾರ ಇಬ್ಬರೂ ಸೇರಿ ಎಡಗಡೆಯ ಚಕ್ರ ಬಿಚ್ಚಲು ಹೋದರು. ನಟ್ಟು ಬಿಗಿದಿತ್ತು. ನಟ್ಟು ತಿರುಗಿಸುವ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ನಮ್ಮವರು ಅದರ ಮೇಲೆ ನಿಂತರು. ಆಗಲಿಲ್ಲ. ಉಸ್ತಾದರೂ ಹತ್ತಿ ನಿಂತರು. ಇಬ್ಬರು ಮುದುಕರು ಒಂದು ಪೈಪಿನ ಮೇಲೆ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಮೇಲೆ ಕೆಳಗೆ ಆಡುವುದನ್ನು ನಾನು ಚಹಾದ ಥರ್ಮಾಸು ಹಿಡಿದು ನೋಡುತ್ತ ನಿಂತಿದ್ದೆ. ಕೊನೆಗೆ ಬೋಲ್ಟೇ ಮುರಿದು ಇಬ್ಬರೂ ನೆಲಕ್ಕೆ ಬಿದ್ದರು. ಇಂಥ ಹಳೆಯ ಲಾರಿಗಳಲ್ಲಿ ಎಡಗಡೆಯ ಚಕ್ರದ ನಟ್ಟು ಉಲ್ಟಾ ತಿರುಗುತ್ತದೆ. ಓಡುವಾಗ ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿರುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬನು ನೋಡಿಯೇ ಇರುತ್ತಾನೆ ಎಂದು ಇಬ್ಬರೂ ತಿಳಿದಿದ್ದರು. ಅಂದಿನ ಜಗಳ ಎರಡು ಹೊತ್ತಿನ ಊಟಕ್ಕೆ ಸಾಕಾಯಿತು.

ನಮ್ಮವರು ಲಾರಿಗೆ ಒಂದೇ ಒಂದು ಕಾನೂನು ಮಾಡಿದ್ದರು. ಹಾಳಾದದ್ದನ್ನು ಸರಿಮಾಡಬಹುದು, ಹೊಸದಾಗಿ ಒಂದು ತೂತೂ ಕೊರೆಯಬಾರದು. ಸೈನ್ಯ ಹೇಗೆ ಕೊಟ್ಟಿತೋ ಹಾಗೇ ಇರಬೇಕು. ಉಸ್ತಾದರಿಗೆ ಇದು ನಗೆಯ ವಿಷಯ. ಅವರ ಲೆಕ್ಕದಲ್ಲಿ ಕೊರೆಯದ, ಕತ್ತರಿಸದ ಲಾರಿ ಇನ್ನೂ ಕೆಲಸಕ್ಕೆ ಬಾರದ ಲಾರಿ.

ಈ ಲಾರಿಗೂ ನನಗೂ ಸಂಬಂಧ ಬಂದದ್ದು ರೊಟ್ಟಿಯಿಂದ.

ನಮ್ಮ ಮನೆಯಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ನಮ್ಮವರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ, ನಮ್ಮವರು ವೈನಿ ಎನ್ನುತ್ತಾರೆ. ಭಾವ ತೀರಿಕೊಂಡ ಮೇಲೆ ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದಳು. ಬಂದ ವಾರವೇ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ನಮ್ಮ ಕಡೆಯ ನೌಕರಸ್ಥರು, ವ್ಯಾಪಾರಸ್ಥರು ಈ ಊರಿನಲ್ಲಿ ಕಡಿಮೆಯಿಲ್ಲ. ಎಲ್ಲರಿಗೂ ರೊಟ್ಟಿ ಬೇಕು, ಯಾರ ಮನೆಯಲ್ಲೂ ಬಡಿಯಲು ಬರುವುದಿಲ್ಲ. ಪಕ್ಕದ ಮನೆಯ ಬೀದರಿನ ಹೆಂಗಸು, ನಾವು ಬೀದರಿನ ಬಾಯಿ ಎನ್ನುವವಳು, ಬಂದು ಸೇರಿದಳು, ನಾನೂ ಕೂತೆ. ಮೂವರ ಕೆಲಸ ಎಂದು ಹೇಳುತ್ತಿದ್ದೆವಾದರೂ ನಿಜವಾಗಿ ಅದು ಅಕ್ಕನ ಕೆಲಸ. ಆ ರೊಟ್ಟಿಯ ಬಲದಿಂದಲೇ ಅವಳು ನಮ್ಮ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು. ಮನೆಗೆ ಯಾರಾದರೂ ಬಂದರೆ "ಇವರು ನಿಮ್ಮ ನೆಗೆಣ್ಣಿಯೇನು?" ಎಂದು ಕೇಳುವ ಬದಲು "ರೊಟ್ಟಿ ಅಕ್ಕಾರು ಇದ್ದಾರೇನು?" ಎಂದು ಕೇಳುತ್ತಿದ್ದರು.

ಆಮೇಲೆ ಅಪಾರ್ಟ್‌ಮೆಂಟಿನವರು ತಡೆದರು. ಬೆಳಗಿನ ಜಾವ ಶುರುವಾಗುವ ದಬದಬ ಸದ್ದಿಗೆ ಕೆಳಗಿನ ಮನೆಯ ಮಗು ಏಳುತ್ತದೆ, ಅದರ ಪಕ್ಕದವರಿಗೆ ತಲೆಶೂಲೆ. ಮನೆಯ ಅಡುಗೆ ಬೇರೆ, ಊರಿಗೆಲ್ಲ ರೊಟ್ಟಿ ಬಡಿಯುವುದು ಬೇರೆ, ಎಂದು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಮರ್ಯಾದೆಯಿಂದ ಹೇಳಿದ್ದರಿಂದಲೇ ನನಗೆ ಮೈಯೆಲ್ಲ ಉರಿಯಿತು, ಬೈಯಲಿಕ್ಕೂ ಆಸ್ಪದವಿರಲಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ.

ಕೆಲಸ ನಿಂತಿತು. ಅಕ್ಕ ಬಾಲ್ಕನಿಯಲ್ಲಿ ಕೂತು ತೊಡೆಯ ಮೇಲೆ ಕೈ ಇಟ್ಟುಕೊಂಡು ರಸ್ತೆ ನೋಡತೊಡಗಿದಳು. ಆ ಕೈಗಳು ಸುಮ್ಮನಿದ್ದುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ಸಂಜೆ ಹೇಳಿದಳು, "ತಮ್ಮ ಕರಿಯಾಕತ್ತಾನ. ಸಂಕ್ರಾಂತಿಗೆ ಬಂದು ಕರಕೊಂಡು ಹೋಗ್ತೀನಂದಾನ. ಹೋಗಿ ಅಲ್ಲೇ ಇದ್ದು ಬಿಡ್ತೀನಿ."

"ಅಲ್ಲಿ ಹೋಗಿ ಏನ್ ಮಾಡ್ತಿ?"

"ಇಲ್ಲಿ ಕುಂತು ಏನ್ ಮಾಡ್ತೀನೋ ಅದನ್ನ."

ಅವಳ ತಮ್ಮ ಕೆಟ್ಟವನಲ್ಲ. ಒಳ್ಳೆಯವನೇ. ಆದರೆ ಒಳ್ಳೆಯ ತಮ್ಮನ ಮನೆಯಲ್ಲಿ ಕೈಕಟ್ಟಿ ಕೂತು ಉಣ್ಣುವುದು ಅಕ್ಕನಂಥವಳಿಗೆ ಏನು ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನಗೆ ಭಯವಾಯಿತು. ಮದುವೆಯಾಗಿ ಬಂದಾಗ ಹದಿಹರೆಯದ ನನ್ನನ್ನು ಅತ್ತೆಯ ಬೈಗುಳದಿಂದ ಕಾಪಾಡಿದವಳು ಅವಳು. ಅವಳಿಲ್ಲದ ಮನೆ ನನಗೆ ಬೇಕಿರಲಿಲ್ಲ.

ಮರುದಿನ ಚಹಾ ಕೊಡಲು ಶೆಡ್ಡಿಗೆ ಹೋದಾಗ ಲಾರಿಯ ಹಿಂಬಾಗಿಲು ತೆರೆದಿತ್ತು. ಒಳಗೆ ನೋಡಿದೆ. ನಮ್ಮ ಅಡುಗೆಮನೆಗಿಂತ ದೊಡ್ಡದು. ಕೆಳಗೆ ಯಾರ ಮಗುವೂ ಮಲಗಿರಲಿಲ್ಲ.

ಇದರಲ್ಲೇ ರೊಟ್ಟಿ ಬಡಿಯೋಣವೆಂದು ನಮ್ಮವರಿಗೆ ಹೇಳಿದಾಗ ಅವರು ನನ್ನನ್ನು, ದೇವರಮನೆಯಲ್ಲಿ ಚಪ್ಪಲಿ ಬಿಟ್ಟವಳನ್ನು ನೋಡುವಂತೆ ನೋಡಿದರು. ಉಸ್ತಾದರು ಮಾತ್ರ ಪಾನಾ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ವಾಹ್! ಈಗ ಗಾಡಿಗೆ ನೌಕರಿ ಸಿಕ್ಕಿತು!" ಎಂದರು. ನಮ್ಮವರು ದಿನವಿಡೀ ಮಾತು ಬಿಟ್ಟರು. ಸಂಜೆ ಊಟಕ್ಕೆ ಕೂತಾಗ ಅಕ್ಕ ಎಂದಿನಂತೆ ಬಡಿಸಿ, ಎಂದಿನಂತಿಲ್ಲದೆ ಏನೂ ಮಾತಾಡದೆ ಒಳಗೆ ಹೋದಳು. ನಮ್ಮವರು ತಟ್ಟೆ ನೋಡುತ್ತ, "ವೈನಿ ಸಲುವಾಗಿ ಅಂದ್ರ ಆತು. ಆದ್ರ ತೂತು ಕೊರಿಯಂಗಿಲ್ಲ" ಎಂದರು.

ಅಲ್ಲಿಂದ ದೀಪಾವಳಿಯ ತನಕ ಶೆಡ್ಡಿನಲ್ಲಿ ನಡೆದದ್ದನ್ನು ಸಂಸಾರ ಎನ್ನಬೇಕು. ತಾಡಪತ್ರಿ ತೆಗೆದು ಅವೇ ಕಮಾನುಗಳ ಮೇಲೆ ತಗಡಿನ ಚಾವಣಿ ಕಟ್ಟಿದರು, ಹೊಗೆ ಹೋಗಲು ಕಿಂಡಿ ಬಿಟ್ಟರು. ಪೆಟ್ರೋಲು ಡಬ್ಬಿ ಇಡುವ ಕಬ್ಬಿಣದ ಗೂಡು ಹೊರಗಡೆ ಇತ್ತು. ಅದನ್ನು ಹಿಗ್ಗಿಸಿ ಗ್ಯಾಸ್ ಸಿಲಿಂಡರಿಗೆ ಮನೆ ಮಾಡಿದರು. ಬಲಗಡೆಯ ಬೆಂಚು ಹಿಟ್ಟಿನ ಡಬ್ಬಿಗಳಿಗೆ. ಎಡಬದಿಯ ಹಲಗೆ ಕೆಳಗೆ ಬಿದ್ದು ಸರಪಳಿಯಲ್ಲಿ ನಿಂತರೆ, ಊಟ ಕೊಡುವ ಕಟ್ಟೆ. ನಮ್ಮವರು ಎಲ್ಲವನ್ನೂ ಹಳೆಯ ತೂತುಗಳಲ್ಲೇ ಬೋಲ್ಟು ಹಾಕಿ ಬಿಗಿದರು. ಒಂದು ಬೋಲ್ಟಿಗೆ ತೂತು ಸಿಗದಿದ್ದರೆ ಅರ್ಧ ದಿನ ಲಾರಿಯ ಸುತ್ತ ತಿರುಗುತ್ತಿದ್ದರು.

ಹತ್ತುವುದೇ ಮೊದಲ ಸಮಸ್ಯೆಯಾಯಿತು. ಜವಾನರು ಹಾರಿ ಹತ್ತುತ್ತಾರೆ. ಸೀರೆಯುಟ್ಟು, ಐವತ್ತು ದಾಟಿ, ಕೈಯಲ್ಲಿ ಹಿಟ್ಟಿನ ಪರಾತ ಹಿಡಿದವರು ಏನು ಮಾಡಬೇಕು? ಉಸ್ತಾದರು ಏಣಿ ಮಾಡಿಕೊಟ್ಟರು, ಗೋಡೆಯಷ್ಟು ನೆಟ್ಟಗೆ. "ನಾವೇನು ಯುದ್ಧಕ್ಕ ಹೊಂಟೀವೇನ್ರಿ ಉಸ್ತಾದ?" ಎಂದು ಕೂಗಿದೆ. ಎರಡನೆಯ ಸಲ ಮೆಟ್ಟಿಲು ಮಾಡಿದರು, ಹಿಡಿಯಲು ಕಂಬಿಯೂ ಇಟ್ಟರು.

ಆಮೇಲೆ ಬಣ್ಣ. ಸೈನ್ಯದ ಹಸಿರು ಬಣ್ಣವನ್ನು ಸಾಮಾನ್ಯರ ಗಾಡಿಗೆ ಹಚ್ಚುವಂತಿಲ್ಲ, ಅದು ಕಾಯಿದೆ. ನಮ್ಮವರು ಹಸಿರನ್ನು ಉಜ್ಜಿ ತೆಗೆಯುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಹೊಸ ಬಣ್ಣ ಯಾವುದೆಂಬುದಕ್ಕೆ ಐದು ಜನರಿಂದ ಐದು ಅಭಿಪ್ರಾಯ ಬಂದವು. ಅಕ್ಕ ಮನೆಗೆ ಹೋಗಿ ತನ್ನ ಇಳಕಲ್ ಸೀರೆ ತಂದು ಸೆರಗು ತೋರಿಸಿದಳು. ಆ ಕೆಂಪು ಎಂದು ತೀರ್ಮಾನವಾಯಿತು. ಅವಳು ಏನಾದರೂ ಬೇಕೆಂದು ಬಾಯಿಬಿಟ್ಟದ್ದು ಎಷ್ಟೋ ದಿನದ ಮೇಲೆ ಅದೇ ಮೊದಲು.

ಗಾಡಿ ಓಡಿಸಿ ನೋಡಿದೆವು. ಸೈನ್ಯದ ಲಾರಿ ಟನ್ನುಗಟ್ಟಲೆ ಭಾರ ಹೊರಲಿಕ್ಕೆ ಹುಟ್ಟಿದ್ದು. ಅದರ ಕೆಳಗಿನ ಕಮಾನು ಪಟ್ಟಿಗಳು, ಅಂದರೆ ಒಂದರ ಮೇಲೊಂದು ಪೇರಿಸಿದ ಆ ಉಕ್ಕಿನ ಪಟ್ಟಿಗಳು, ನಮ್ಮ ಹಿಟ್ಟು, ನೀರು, ಮೂವರು ಹೆಂಗಸರ ಭಾರವನ್ನು ಭಾರವೆಂದೇ ಎಣಿಸಲಿಲ್ಲ. ಪ್ರತಿ ಗುಂಡಿಗೂ ನಾವು ಚಾವಣಿ ಮುಟ್ಟಿ ಬಂದೆವು. ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದು ಮೂವರ ತಲೆಯೂ ಕೆಂಪಾಯಿತು. ಬೀದರಿನ ಬಾಯಿ ಇಳಿದು ನಿಂತು, "ನಾ ನಡಕೊಂಡೇ ಬರ್ತೀನ್ರಿ. ಇದ್ರಾಗ ಕುಂತ್ರ ಎಲುಬು ಎಣಿಸ್ಕೊಳ್ಳೋದು ಬರ್ತದ" ಎಂದಳು.

ಉಸ್ತಾದರು ಹಿಂದಿನ ಕಮಾನುಗಳಿಂದ ಕೆಲವು ಪಟ್ಟಿಗಳನ್ನು ತೆಗೆದರು. ಗಾಡಿ ಮೆತ್ತಗಾಯಿತು. ಎಷ್ಟು ಮೆತ್ತಗಾಯಿತೆಂದರೆ ಗುಂಡಿಗಳ ಮೇಲೆ ತೂಗುಮಂಚದಲ್ಲಿ ಕೂತಂತೆ ಬಂದೆವು. ಎಲ್ಲರೂ ಉಸ್ತಾದರನ್ನು ಹೊಗಳಿದೆವು. ಸಂಕ್ರಾಂತಿಯ ದಿನ ಸಿಕಂದರಾಬಾದಿನ ಒಂದು ಮೈದಾನದಲ್ಲಿ ನಮ್ಮ ಕಡೆಯ ಕುಟುಂಬಗಳೆಲ್ಲ ಸೇರಿ ಊಟ ಮಾಡುವುದಿತ್ತು. ಅದಕ್ಕೆ ಬಿಸಿ ರೊಟ್ಟಿ ಕೊಡುವ ಕೆಲಸ ನಮಗೇ ಬಂತು. ಅಕ್ಕನ ತಮ್ಮ ಬರುವುದೂ ಅದೇ ದಿನ. ನನಗೆ ಲೆಕ್ಕ ಸ್ಪಷ್ಟವಿತ್ತು. ಅಂದು ಲಾರಿಯಲ್ಲಿ ರೊಟ್ಟಿಯಾದರೆ ಅಕ್ಕ ಇರುತ್ತಾಳೆ. ಆಗದಿದ್ದರೆ ಹೋಗುತ್ತಾಳೆ.

ಶೆಡ್ಡಿನ ಅಂಗಳದಲ್ಲಿ ಲಾರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೊದಲ ಸಲ ಮೂವರೂ ಸಾಲಾಗಿ ಕೂತು ಹಿಟ್ಟು ನಾದಿದೆವು. ಬಡಿಯಲು ಶುರುಮಾಡಿದೆವು. ಮೊದಲ ರೊಟ್ಟಿ ಅರ್ಧ ಅಗಲವಾಗುವ ಹೊತ್ತಿಗೆ ನೀರಿನ ಚೊಂಬು ತಾನಾಗಿ ನನ್ನ ಕಡೆ ಬಂತು, ಮತ್ತೆ ಅಕ್ಕನ ಕಡೆ ಹೋಯಿತು. ಆಮೇಲೆ ಲಾರಿಯೇ ತೂಗತೊಡಗಿತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಹಂಚಿನ ಮೇಲಿದ್ದ ರೊಟ್ಟಿ ಜಾರಿ ಬೀದರಿನ ಬಾಯಿಯ ಮಡಿಲಿಗೆ ಬಿತ್ತು. ಅವಳು "ಭೂಕಂಪ ಆಗ್ಲತದ!" ಎಂದು ಕಿರುಚಿ, ಮೆಟ್ಟಿಲೂ ಮುಟ್ಟದೆ, ಜವಾನರಂತೆಯೇ ಕೆಳಗೆ ಹಾರಿದಳು.

ಗಂಡಸರಿಬ್ಬರೂ ಲಾರಿಯ ಕೆಳಗೆ ನುಗ್ಗಿದರು. ಕಮಾನಿನ ತುದಿಯ ಪಿನ್ನುಗಳನ್ನು ನೋಡಿದರು, ರಬ್ಬರು ಬದಲಿಸಿದರು, ಗ್ರೀಸು ತುಂಬಿದರು. ಮರುದಿನ ಕೂತೆವು, ಮತ್ತೆ ಕುಣಿಯಿತು. ನಮ್ಮವರು ಉಸ್ತಾದರ ಕಮಾನಿನ ಮೇಲೆ ತಪ್ಪು ಹೊರಿಸಿದರು. ಉಸ್ತಾದರು ನೆಲದ ಮೇಲೆ ಹೊರಿಸಿದರು. ಲಾರಿಯನ್ನು ಕಾಂಕ್ರೀಟಿನ ಮೇಲೆ ಒಯ್ದು ನಿಲ್ಲಿಸಿದರೂ ಅದೇ ಕಥೆ. ಒಂದೆರಡು ಪಟ್ಟಿಗಳನ್ನು ವಾಪಸು ಹಾಕಿದರೆ ಕುಣಿತ ಸ್ವಲ್ಪ ಕಡಿಮೆಯಾಯಿತು, ಆದರೆ ರಸ್ತೆಯಲ್ಲಿ ಎಲುಬು ಎಣಿಸುವುದು ಮತ್ತೆ ಬಂತು. "ಗಾಡಿ ಹಿಲ್ತಾ ನೈ ಬೆಹನ್, ನಾಚ್ತಾ ಹೈ. ಅಲ್ಲಾಡೋದಲ್ಲ, ಕುಣೀತದೆ" ಎಂದು ಉಸ್ತಾದರು ತಲೆಯ ಮೇಲೆ ಕೈ ಹೊತ್ತು ಕೂತರು. ತಮಾಷೆಯೆಂದರೆ, ಅವರಿಬ್ಬರೇ ಮೇಲೆ ಹತ್ತಿ ನೆಗೆದರೆ, ಗುದ್ದಿದರೆ, ಗಾಡಿ ಒಂದೆರಡು ಸಲ ಅಲ್ಲಾಡಿ ಸುಮ್ಮನಾಗುತ್ತಿತ್ತು. ನಾವು ಕೂತಾಗ ಮಾತ್ರ ಅದಕ್ಕೆ ಮೈಮೇಲೆ ಬರುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂತು. ಒಂದು ಮಧ್ಯಾಹ್ನ ಮತ್ತೊಂದು ಪ್ರಯತ್ನಕ್ಕೆಂದು ಕೂತಿದ್ದೆವು. ಅಕ್ಕ ಹಿಟ್ಟು ನಾದುತ್ತ, ಹವಾಮಾನ ಹೇಳುವಂತೆ ಹೇಳಿದಳು, "ನನ್ನ ದೊಡ್ಡ ಪೆಟ್ಟಿಗಿ ಬಸ್ಸಿನ್ಯಾಗ ಹಿಡಿಯಂಗಿಲ್ಲ. ಇಲ್ಲೇ ಬಿಟ್ಟು ಹೋಗ್ತೀನಿ. ನೀ ಇಟ್ಕೊ."

ನನಗೆ ಎಲ್ಲಿತ್ತೋ ಸಿಟ್ಟು. "ನಿನ್ನ ಪೆಟ್ಟಿಗಿ ನನಗ ಯಾಕ? ಹೋಗೂದಿದ್ರ ಪೆಟ್ಟಿಗಿ ಸೈತ ಹೋಗು!"

"ಚೀರಬ್ಯಾಡ. ಇದು ಆಗೂ ಕೆಲಸ ಅಲ್ಲ. ನಿನ್ನ ಗಂಡ ಆ ಲಾರಿ ಕೆಳಗ ಬಿದ್ದು ಬಿದ್ದು ಬೆನ್ನು ಹಿಡಕೊಂಡಾನ. ನನ್ನ ಸಲುವಾಗಿ ಎಲ್ಲಾರೂ ಯಾಕ ಒದ್ದಾಡಬೇಕು?"

"ಒದ್ದಾಡ್ತೀವಿ! ನಮ್ಮ ಖುಷಿ! ನಿನ್ನ ಸಲುವಾಗಿ ಅಂತ ಯಾರು ಅಂದ್ರು? ನನ್ನ ಸಲುವಾಗಿ! ನೀ ಹೋದ್ರ ನನ್ನ ಕೂಡ ಯಾರು ಮಾತಾಡ್ತಾರ ಆ ಮನ್ಯಾಗ? ಆ ಮನಶ್ಯಾ ಮಾತಾಡೂದು ಲಾರಿ ಜೋಡಿ!"

"ಮೊದಲ ನೀ ಆ ರೊಟ್ಟಿ ಸರಿಯಾಗಿ ಬಡಿ. ಅಂಚು ಹರಿಯಾಕತ್ತೈತಿ."

"ನನ್ನ ರೊಟ್ಟಿ, ನನ್ನ ಅಂಚು!"

ಇಷ್ಟು ಮಾತು ಕೈ ನಿಲ್ಲಿಸಿ ಆಡಿದ್ದಲ್ಲ. ನಾನು ಸಿಟ್ಟಿನಲ್ಲಿ ದಡದಡ ಬಡಿಯುತ್ತಿದ್ದೆ. ಅಕ್ಕ ಬೇಕೆಂದೇ ನಿಧಾನ ಬಡಿಯುತ್ತಿದ್ದಳು, ನನಗೆ ಇನ್ನಷ್ಟು ಸಿಟ್ಟು ಬರಲೆಂದು. ಬೀದರಿನ ಬಾಯಿ ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಎರಡು ಬಡಿದು ಒಂದು ಬಿಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಾನು ಜಗಳ ಬಿಟ್ಟು ಕೈ ಎತ್ತಿ ಕಣ್ಣು ಒರೆಸಿಕೊಳ್ಳಲು ಹೋದೆ. ಆಗ ಕೆಳಗಿನಿಂದ ನಮ್ಮವರ ದನಿ ಬಂತು.

"ನಿಲ್ಲಸಬ್ಯಾಡ್ರಿ! ಜಗಳಾ ನಿಲ್ಲಸಬ್ಯಾಡ್ರಿ!"

ನಾವು ಬೆಚ್ಚಿ ಕೆಳಗೆ ನೋಡಿದೆವು. ನಮ್ಮವರು ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಮಾನನ್ನೇ ನೋಡುತ್ತಿದ್ದರು. ಲಾರಿ ಬಂಡೆಗಲ್ಲಿನ ಹಾಗೆ ನಿಂತಿತ್ತು. ಚೊಂಬಿನ ನೀರು ಸಹ ಅಲುಗಿರಲಿಲ್ಲ.

ತಪ್ಪು ಕಮಾನಿನದೂ ಅಲ್ಲ, ನೆಲದ್ದೂ ಅಲ್ಲ. ನಮ್ಮ ಅತ್ತೆಯದು. ಮುದುಕಿಗೆ ರೊಟ್ಟಿಯ ಸದ್ದಿನಲ್ಲಿ ಬಹಳ ಶಿಸ್ತು. ಸೊಸೆಯಂದಿರು ಎಷ್ಟು ಜನ ಕೂತರೂ ಒಂದೇ ಕೈ ಬಡಿದಂತೆ ಕೇಳಬೇಕು, ಇಲ್ಲದಿದ್ದರೆ ಪಡಸಾಲೆಯಿಂದಲೇ ಬೈಗುಳ ಬರುತ್ತಿತ್ತು. ನಾನೂ ಅಕ್ಕನೂ ಹಾಗೇ ಕಲಿತೆವು, ಬೀದರಿನ ಬಾಯಿ ನಮ್ಮ ಪಕ್ಕ ಕೂತು ಕೂತು ಅದೇ ಲಯಕ್ಕೆ ಬಿದ್ದಳು. ಮೂವರೂ ಒಂದೇ ಬದಿಗೆ ಕೂತು, ಒಂದೇ ಗಳಿಗೆಗೆ ಬಡಿಯುತ್ತಿದ್ದೆವು. ಮೆತ್ತಗಾದ ಕಮಾನಿಗೆ ಅದೇ ಬೇಕಿತ್ತು, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟಂತೆ. ಅತ್ತೆ ಹೋಗಿ ಎಷ್ಟೋ ವರ್ಷವಾದ ಮೇಲೆ ಹೈದರಾಬಾದಿನಲ್ಲಿ ಒಂದು ಮಿಲಿಟರಿ ಲಾರಿಯನ್ನು ಕುಣಿಸಿದಳು.

ಉಸ್ತಾದರು ನಕ್ಕು ನಕ್ಕು ಡ್ರಮ್ಮಿನ ಮೇಲೆ ಕೂತುಬಿಟ್ಟರು. "ಸಂಕ್ರಾಂತಿ ದಿನಾ ಪೂರಾ ಝಗಡಾ ಮಾಡ್ರಿ, ಕೆಲಸ ಆಗ್ತದೆ" ಎಂದರು. ಬೇರೆ ಬೇರೆ ಬಡಿಯಲು ಪ್ರಯತ್ನಿಸಿದೆವು. ಸಿಟ್ಟಿಲ್ಲದೆ ಅದು ಸಾಧ್ಯವೇ ಆಗಲಿಲ್ಲ. ನಾಲ್ಕು ಏಟಿಗೆ ಮೂರು ಕೈಗಳೂ ಮತ್ತೆ ಒಂದಾಗುತ್ತಿದ್ದವು, ಚೊಂಬು ಮತ್ತೆ ತಿರುಗಾಟಕ್ಕೆ ಹೊರಡುತ್ತಿತ್ತು. ಅಕ್ಕ ಮುಖ ಆಚೆ ತಿರುಗಿಸಿಕೊಂಡಳು, ನಗು ತಡೆಯಲಾರದೆ.

"ಕಾಲು ಕೊಡಬೇಕು" ಎಂದರು ಉಸ್ತಾದರು. ಕ್ರೇನು ಲಾರಿಗಳಿಗೆ ಕೊಡುವಂತೆ ನಾಲ್ಕು ಮೂಲೆಗೆ ತಿರುಪಿನ ಕಾಲು. ಹ್ಯಾಂಡಲು ತಿರುಗಿಸಿದರೆ ಕೆಳಗಿಳಿದು ನೆಲಕ್ಕೆ ಊರಿ, ಲಾರಿಯ ಭಾರವನ್ನು ಕಮಾನಿನಿಂದ ಎತ್ತಿಕೊಳ್ಳಬೇಕು. ಆಮೇಲೆ ಯಾರು ಹೇಗೆ ಬಡಿದರೂ ಚಿಂತೆಯಿಲ್ಲ. ಆದರೆ ಅದನ್ನು ಕೂರಿಸಬೇಕಾದದ್ದು ಚಾಸಿಗೆ, ಲಾರಿಯ ಅಡಿಯ ಉಕ್ಕಿನ ಚೌಕಟ್ಟಿಗೆ. ಚಾಸಿಗೆ ವೆಲ್ಡಿಂಗಿನ ಬೆಂಕಿ ತೋರಿಸಬಾರದು, ಉಕ್ಕಿನ ಶಕ್ತಿ ಹೋಗುತ್ತದೆ, ಬೋಲ್ಟು ಹಾಕಬೇಕು. ಹಳೆಯ ತೂತು ಅಲ್ಲಿ ಒಂದೂ ಇರಲಿಲ್ಲ.

ನಾನು ನಮ್ಮವರ ಮುಖ ನೋಡಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಅವರು ಎದ್ದು ಸೀಮೆಸುಣ್ಣ ತೆಗೆದುಕೊಂಡು, ಚಾಸಿಯ ಪಕ್ಕೆಯ ಮೇಲೆ ಅಳತೆ ನೋಡಿ ಗುರುತು ಹಾಕಿದರು. ಉಸ್ತಾದರು ಡ್ರಿಲ್ಲು ಎತ್ತಿಕೊಂಡಾಗ, "ತಾ ಇಲ್ಲಿ" ಎಂದು ಅವರ ಕೈಯಿಂದ ಕಿತ್ತುಕೊಂಡು ಮೊದಲ ತೂತು ತಾವೇ ಕೊರೆದರು. ಅಂದು ನನಗೆ ನನ್ನ ಗಂಡನ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮದುವೆಯ ಹೊಸದರಲ್ಲೂ ಅಷ್ಟು ಬಂದಿರಲಿಲ್ಲ.

ಸಂಕ್ರಾಂತಿಯ ದಿನ ಬೆಳಗ್ಗೆಯೇ ಹೊರಟೆವು. ಈ ಲಾರಿಯಲ್ಲಿ ಹತ್ತಿದ ಕೂಡಲೇ ಹೊರಡಲಾಗುವುದಿಲ್ಲ. ಬ್ರೇಕಿಗೆ ಬೇಕಾದ ಗಾಳಿ ಟ್ಯಾಂಕಿನಲ್ಲಿ ತುಂಬುವ ತನಕ ಎಂಜಿನ್ ಓಡಿಸುತ್ತ ಮುಳ್ಳು ನೋಡುತ್ತ ಕೂರಬೇಕು. ಉಸ್ತಾದರು ಸ್ಟೇರಿಂಗಿನ ಮುಂದೆ, ನಮ್ಮವರು ಅವರ ಪಕ್ಕ, ನಾವು ಹಿಂದೆ. ಮೌಲಾಲಿಯಲ್ಲಿ ಜನ ನಮ್ಮ ಕೆಂಪು ಬಣ್ಣ ನೋಡಿ ಅಗ್ನಿಶಾಮಕದವರೆಂದು ತಿಳಿದು ದಾರಿ ಬಿಟ್ಟರು. ನಾವು ಬೇಡವೆನ್ನಲಿಲ್ಲ. ಮೆಟ್ಟುಗೂಡದ ಹತ್ತಿರ ಎಂಜಿನ್ ಕೆಮ್ಮಿ ನಿಂತಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ನಮ್ಮವರು ಹಬ್ಬದ ಬಿಳಿ ಅಂಗಿಯಲ್ಲೇ ಬಾನೆಟ್ಟಿನೊಳಗೆ ತಲೆ ಹಾಕಿ, ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ಗುಳ್ಳೆಗಳನ್ನು ಹೊರಗೆ ಹಾಕಿದರು. ವಾಪಸು ಹತ್ತುವಾಗ ಅಂಗಿಯ ಮೇಲೆ ಡೀಸೆಲ್ಲಿನ ನಕ್ಷೆಯೇ ಬಿದ್ದಿತ್ತು, ಮುಖದಲ್ಲಿ ಮದುಮಗನ ಕಳೆ.

ಮೈದಾನದಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತೆವು. ನಾಲ್ಕೂ ಕಾಲು ಇಳಿದವು. ಕೊನೆಯ ಹ್ಯಾಂಡಲು ತಿರುಗಿಸಿದಾಗ ಲಾರಿ ಕೆಳಗಿನಿಂದ ಒಮ್ಮೆ ಮುಲುಗಿ, ಕಮಾನುಗಳು ಸಡಿಲಾದವು. ಮೂವರೂ ಕೂತೆವು. ಅಕ್ಕ ಸೆರಗು ಬಿಗಿದು ಮೊದಲ ಏಟು ಹಾಕಿದಳು. ಎರಡನೆಯದಕ್ಕೆ ನಾವಿಬ್ಬರೂ ಸೇರಿದೆವು. ನಾನು ಚೊಂಬನ್ನೇ ನೋಡುತ್ತಿದ್ದೆ. ಅದು ಇದ್ದಲ್ಲೇ ಇತ್ತು.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ. ಮೂರು ಜೋಡಿ ಕೈಗಳ ಒಂದೇ ಸದ್ದು ಆ ತಗಡಿನ ಚಾವಣಿಯ ಕೆಳಗೆ ಗುಡುಗಿದಂತೆ ಕೇಳುತ್ತಿತ್ತು. ಇಲ್ಲಿ ಯಾರಿಗೂ ತಲೆಶೂಲೆಯಿರಲಿಲ್ಲ. ಸಾಲು ಬೇವಿನ ಮರ ದಾಟಿ ಗೇಟಿನ ತನಕ ಹೋಯಿತು. ಒಬ್ಬ ಅಜ್ಜ ತಟ್ಟೆ ಹಿಡಿದು, "ಈ ಸಪ್ಪಳಾ ಕೇಳಿ ಭಾಳ ವರ್ಷ ಆತ್ರಿ" ಎಂದು ಉಣ್ಣುವುದನ್ನು ಬಿಟ್ಟು ಅಲ್ಲೇ ನಿಂತ.

ಮಧ್ಯಾಹ್ನದ ಹೊತ್ತಿಗೆ ಅಕ್ಕನ ತಮ್ಮ ಬಂದ. ಮನೆಗೆ ಹೋಗಿ, ಬೀಗ ನೋಡಿ, ವಿಚಾರಿಸಿಕೊಂಡು ಬಂದಿದ್ದ. ಕೈಯಲ್ಲಿ ಅಕ್ಕನ ಬಟ್ಟೆ ತುಂಬಿಕೊಳ್ಳಲು ತಂದ ಖಾಲಿ ಬ್ಯಾಗು. ನೇರವಾಗಿ ಕಟ್ಟೆಯ ಹತ್ತಿರ ಬಂದು ಮೇಲೆ ನೋಡಿದ. ನನ್ನ ಕೈ ಲಯ ತಪ್ಪಿತು.

"ಅಕ್ಕಾ" ಎಂದ.

ಅಕ್ಕ ತಲೆಯೆತ್ತಿ ನೋಡಿದಳು. ಮುಖದ ತುಂಬ ಹಿಟ್ಟು, ಬೆವರು. "ಬಂದೇನಪಾ? ಊಟ ಆಗಿಲ್ಲಲ್ಲ? ಹೋಗು, ಸಾಲಿನ್ಯಾಗ ನಿಂದ್ರು."

ಅವನು ಪಾಪ, ನಿಜಕ್ಕೂ ಗೇಟಿನ ತನಕ ನಡೆದು ಹೋಗಿ ಎಲ್ಲರ ಹಿಂದೆ ನಿಂತುಕೊಂಡ. ಸಾಲು ನಿಧಾನವಾಗಿ ಸರಿಯಿತು. ಅವನು ಮುಂದೆ ಬಂದಷ್ಟೂ ನಾನು ತಿರುತಿರುಗಿ ಅಕ್ಕನ ಮುಖ ನೋಡುತ್ತಿದ್ದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು.

ಅವನ ಸರದಿ ಬಂತು. ಲಾರಿ ಎತ್ತರ, ತಟ್ಟೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದ. ಅಕ್ಕ ಎದ್ದು ಬಂದು, ಮೇಲಿನಿಂದ ಬಾಗಿ ಎರಡು ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಬೆಣ್ಣೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಹಾಕಿದಳು.

"ಯಾವಾಗ ಹೊಂಡೂಣು ಅಕ್ಕಾ? ಸಂಜಿ ಬಸ್ಸಿಗೆ ಹೋಗೂಣೇನು?" ಎಂದು ಕೇಳಿದ.

"ಹಿಂದ ಮಂದಿ ನಿಂತಾರ" ಎಂದಳು ಅಕ್ಕ. "ಮುಂದ ಸರಿಯಪಾ."

ಅವನು ಸರಿದ. ಅಕ್ಕ ತನ್ನ ಜಾಗಕ್ಕೆ ಬಂದು ಕೂತಳು. ನನಗೆ ಹಲಗೆಯ ಮೇಲಿನ ಹಿಟ್ಟು ಕಾಣದಾಯಿತು, ಕಣ್ಣು ಅಷ್ಟು ತುಂಬಿ ಬಂದಿತ್ತು. ಅವಳು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು, "ಆಮ್ಯಾಗ ಅಳು. ಹಂಚಿನ ಮ್ಯಾಲಿಂದು ಹೊತ್ತಾಕತ್ತೈತಿ ನೋಡು" ಎಂದಳು.

ನಾನು ರೊಟ್ಟಿ ತಿರುವಿ ಹಾಕಿದೆ.